ಸ್ಟೋರ್ ಮಾಮನ ಹದಿನೈದು ನಿಮಿಷ

ಎಡಗಣ್ಣಿನ ಗಾಜು ಒರೆಸಿ ಲಕೋಟೆಗೆ ಹಾಕಿ ಆಗಿತ್ತು. ಬಲಗಣ್ಣಿನದನ್ನು ಬಟ್ಟೆಯಲ್ಲಿ ಎರಡು ಸುತ್ತು ಉಜ್ಜಿ, ಗೀರು ಇದೆಯೇನೋ ನೋಡಲು ಕೈ ಚಾಚಿ ಬಾಗಿಲಿನ ಬೆಳಕಿಗೆ ಹಿಡಿದೆ. ಪ್ಲಸ್ ಐದರ ದಪ್ಪ ಗಾಜು ಅದು. ದೂರ ಹಿಡಿದು ನೋಡಿದರೆ ಆಚೆ ಇರುವುದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಬಾಗಿಲು ತಲೆಕೆಳಗಾಗಿತ್ತು, ಬೀದಿ ತಲೆಕೆಳಗಾಗಿತ್ತು, ನಡುವೆ ಹೆಗಲಿಗೆ ಕಪ್ಪು ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಕಾಲು ಮೇಲಾಗಿ ನಿಂತಿದ್ದ.

ಗಾಜು ಕೆಳಗಿಳಿಸಿದೆ. ಅವರೇ.

ಹನ್ನೆರಡು ವರ್ಷದಲ್ಲಿ ಕೂದಲು ಅರ್ಧ ಬೆಳ್ಳಗಾಗಿತ್ತು. ಮೂಗಿನ ಮೇಲೆ ಕನ್ನಡಕ ಬಂದಿತ್ತು. ತಲೆಯನ್ನು ಚೂರು ಎಡಕ್ಕೆ ವಾಲಿಸಿ ನನ್ನನ್ನು ನೋಡಿದರು. ಮೊದಲು ಹಾಗೆ ವಾಲಿಸುತ್ತಿರಲಿಲ್ಲ. ಚೆನ್ನಾಗಿತ್ತು ಅದು, ಏನೋ ಮೆಲ್ಲಗಿನ ಮಾತು ಕೇಳಿಸಿಕೊಳ್ಳುವವರ ಹಾಗೆ.

"ಮೇಡಂ ಇದ್ದಾರಾ?" ಅಂದರು.

"ಇದ್ದಾರೆ, ಒಳಗೆ."

"ಸರ್ವರ್ ಹಾಕೋಕೆ ಬಂದಿದ್ದಾರೆ ಅಂತ ಹೇಳ್ತೀರಾ?"

"ಹೇಳ್ತೀನಿ. ಕೂತ್ಕೊಳ್ಳಿ."

ಇಷ್ಟೇ ಮಾತು. ಹನ್ನೆರಡು ವರ್ಷ ಮನಸ್ಸಿನಲ್ಲೇ ಆಡಿ ಆಡಿ ನುಣುಪು ಮಾಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಒಳಗೆ ಹೋಗಿ ಯಜಮಾನಿಗೆ ಹೇಳುವಾಗ ಗೊತ್ತಾಯಿತು, ಗಾಜು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಬೆರಳಿನ ಗುರುತೆಲ್ಲ ಬಿದ್ದು, ಮತ್ತೆ ಮೊದಲಿನಿಂದ ಒರೆಸಬೇಕಾಯಿತು.

ನಮ್ಮದು ಕನ್ನಡಕದ ಗಾಜು ಅರೆದು, ಪಾಲಿಶ್ ಮಾಡಿ, ಅಂಗಡಿಗಳಿಗೆ ಕಳಿಸುವ ಕಾರ್ಖಾನೆ. ಕೊನೆಯ ಮೇಜು ನನ್ನದು. ನಾನು ನೋಡಿ ಸರಿ ಅಂದ ಮೇಲೇ ಗಾಜು ಹೊರಗೆ ಹೋಗುವುದು. ಅದಕ್ಕೇ ಎಲ್ಲರ ಬಾಯಲ್ಲೂ ನಾನು ಚೆಕಿಂಗಮ್ಮ. ಹನ್ನೆರಡು ವರ್ಷದ ಹಿಂದೆ ಈ ಹೆಸರು ಇನ್ನೂ ಬಿದ್ದಿರಲಿಲ್ಲ. ಸೇರಿ ನಾಲ್ಕು ತಿಂಗಳಾಗಿತ್ತು, ವಯಸ್ಸು ಇಪ್ಪತ್ತೊಂಬತ್ತು. ಆಗ ಅವರು ಮೊದಲ ಐದು ಕಂಪ್ಯೂಟರ್ ಹಾಕಲು ಬಂದು ಒಂದು ತಿಂಗಳು ಇದ್ದರು. ಊಟದ ಬಿಡುವಿನಲ್ಲಿ ನನಗೆ ಟೈಪಿಂಗ್ ಕಲಿಸಿದರು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ನೋಡಿ, "ಕೋಳಿ ಕಾಳು ಹೆಕ್ಕಿದ ಹಾಗಿದೆ" ಅಂದರು. ನಾನು, "ಕೋಳಿಗೆ ಹೊಟ್ಟೆ ತುಂಬುತ್ತೆ, ನಿಮಗೇನು ಕಷ್ಟ" ಅಂದೆ. ಅವತ್ತಿನಿಂದ ಶುರು.

ಕೊನೆಯ ಶುಕ್ರವಾರ ಅವರು ನನ್ನ ಮೇಜಿನ ಹತ್ತಿರ ಬಂದು, ವೈರು ಸರಿ ಮಾಡುವ ಹಾಗೆ ಬಗ್ಗಿ, ಮೆಲ್ಲಗೆ ಹೇಳಿದರು. "ನಾಳೆ ಆರು ಗಂಟೆ ಬಸ್ಸಿಗೆ ಊರಿಗೆ ಹೋಗ್ತೀನಿ. ನಮ್ಮಿಬ್ಬರ ವಿಷಯ ಮನೇಲಿ ಮಾತಾಡಬಹುದಾ ಅಂತ ನಿಮ್ಮನ್ನ ಕೇಳಬೇಕು. ಇಲ್ಲಿ ಬೇಡ, ಇಷ್ಟು ಜನ ಇದ್ದಾರೆ. ಒಪ್ಪಿಗೆ ಇದ್ರೆ ಬಸ್ ಸ್ಟ್ಯಾಂಡಿಗೆ ಬನ್ನಿ. ಬರ್ಲಿಲ್ಲ ಅಂದ್ರೆ ನಾನು ಅರ್ಥ ಮಾಡ್ಕೋತೀನಿ, ಮತ್ತೆ ತೊಂದರೆ ಕೊಡಲ್ಲ."

ನಾನು ಹೋದೆ. ಹೊರಡುವ ಹೊತ್ತಿಗೆ ಒಂದು ಪೆಟ್ಟಿಗೆ ಗಾಜು ಬಂದು ತಡವಾಯಿತು. ಓಡಿದೆ ಅಂತಲೇ ಹೇಳಬೇಕು. ಕೈಗಡಿಯಾರದಲ್ಲಿ ಆರು ಗಂಟೆ ಎರಡು ನಿಮಿಷ. ಅವರ ಊರಿನ ಬಸ್ಸು ನನ್ನ ಕಣ್ಣೆದುರೇ ಗೇಟು ದಾಟಿ ತಿರುಗಿತು. ಹಿಂದಿನ ಕಿಟಕಿಯ ಧೂಳು ನೋಡುತ್ತ ನಿಂತೆ. ಎರಡು ನಿಮಿಷ ಕಾಯಲಾರದ ಮನುಷ್ಯ ಜೀವಮಾನವೆಲ್ಲ ಏನು ಜೊತೆಗಿರುತ್ತಾನೆ ಅಂದುಕೊಂಡೆ. ಕಣ್ಣು ಕೆಂಪಾಗಿದ್ದರಿಂದ ಮನೆಗೆ ಹೋಗಲಿಲ್ಲ, ಅಕ್ಕ ಕೇಳುತ್ತಾಳೆ. ಕಾರ್ಖಾನೆಗೆ ವಾಪಸು ಬಂದು, ಅವರೇ ಕಲಿಸಿದ ಟೈಪಿಂಗಿನಲ್ಲಿ, ಅವರಿಗೇ ಒಂದು ಕಾಗದ ಬರೆದೆ. ಕಳಿಸಲಿಲ್ಲ. ಮಾನ ಬಿಟ್ಟು ಕಳಿಸುವುದೇ ಅನಿಸಿತು.

ಆ ಕಾಗದ ನನ್ನ ಕಂಪ್ಯೂಟರಿನಲ್ಲೇ ಉಳಿಯಿತು. ಹಳೆಯದು ಹೋಗಿ ಹೊಸ ಕಂಪ್ಯೂಟರ್ ಬಂದಾಗಲೆಲ್ಲ, ಹಳೇ ಪವರ್ ಪಟ್ಟಿಗಳ ಜೊತೆ ಅದನ್ನೂ ಎತ್ತಿಕೊಂಡು ಬಂದೆ.

ಈಗ ಬಂದ ಮಾರನೆಯ ದಿನ ಅವರು, ಸ್ಟೋರ್ ಮಾಮ ನೋಡಿಕೊಳ್ಳುವ ಸ್ಟೋರ್ ರೂಮಿನ ಮೂಲೆಯಲ್ಲಿ ಸರ್ವರ್ ಕೂರಿಸಿದರು. ಕಪ್ಪು ಬೀರುವಿನಂಥ ಪೆಟ್ಟಿಗೆ. ನಮ್ಮ ಯಜಮಾನಿ ಕುರ್ಚಿ ಎಳೆದುಕೊಂಡು ಮುಂದೆ ಕೂತರು. ಏನೇ ಆದರೂ ಅರ್ಥ ಮಾಡಿಕೊಳ್ಳದೆ ಬಿಡುವವರಲ್ಲ.

"ಅದೇನೋ ಡೊಮೈನ್ ಕಂಟ್ರೋಲರ್ ಅಂದ್ರಲ್ಲ. ನನಗೆ ತಿಳಿಯೋ ಹಾಗೆ ಹೇಳಿ."

"ಮೇಡಂ, ನಿಮ್ಮಲ್ಲಿ ಹದಿನೆಂಟು ಕಂಪ್ಯೂಟರ್ ಇದೆ. ಒಂದೊಂದೂ ಒಂದೊಂದು ಮನೆ ಇದ್ದ ಹಾಗೆ, ಒಂದೊಂದಕ್ಕೂ ಬೇರೆ ಬೀಗ. ಕೆಲಸ ಬಿಟ್ಟು ಹೋದವರ ಕೀಲಿಕೈ ಕೂಡ ಇನ್ನೂ ತಿರುಗುತ್ತೆ. ಇನ್ಮೇಲೆ ಎಲ್ಲರ ಹೆಸರು, ಪಾಸ್‌ವರ್ಡ್ ಇದೊಂದರಲ್ಲೇ ಇರುತ್ತೆ. ಯಾರು ಯಾವ ಕಂಪ್ಯೂಟರ್ ಮುಂದೆ ಕೂತ್ರೂ, ಅದು ಮೊದಲು ಇದನ್ನ ಕೇಳುತ್ತೆ, ಇವರು ನಮ್ಮವರೇನಾ ಅಂತ. ಇದು ಹೌದು ಅಂದ್ರೆ ಮಾತ್ರ ಒಳಗೆ."

"ಅಂದ್ರೆ ನಮ್ಮತ್ತೆ ಇದ್ದ ಹಾಗೆ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆ ನಗು ಮಾತ್ರ ಒಂಚೂರೂ ನರೆತಿರಲಿಲ್ಲ.

"ಇದಕ್ಕೆ ಒಂದು ಹೆಸರು ಬೇಕು ಮೇಡಂ. ಯೋಚಿಸಿ ಹೇಳಿ. ಒಂದ್ಸಲ ಇಟ್ಟ ಮೇಲೆ ಬದಲಾಯಿಸೋದು ತುಂಬ ಕಷ್ಟ."

ಕಷ್ಟ ಅನ್ನುವಾಗ ನನ್ನ ಕಡೆ ನೋಡಿದರೋ ಇಲ್ಲವೋ ತಿಳಿಯದು. ನಾನು ನೆಲ ನೋಡುತ್ತಿದ್ದೆ.

ಗುರುವಾರ ಒಬ್ಬೊಬ್ಬರನ್ನೇ ಕರೆದು ಹೆಸರು ಸೇರಿಸಿದರು. ನನ್ನ ಸರದಿ ಬಂತು. ಪರದೆ ನೋಡಿಕೊಂಡೇ ಕೇಳಿದರು.

"ಹೆಸರು?"

"ಗೊತ್ತಿಲ್ವಾ?"

"ಗೊತ್ತಿದೆ. ಪದ್ಧತಿ, ಕೇಳಬೇಕು." ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ನಿಂತಿದ್ದವು. "ಹೆಸರು ಅದೇ ಇದೆಯಾ?"

"ಅದೇ ಇದೆ."

"ಇನಿಶಿಯಲ್?"

"ಅದೂ ಅದೇ. ಬದಲಾಯಿಸೋ ಸಂದರ್ಭ ಬರಲಿಲ್ಲ."

ಟಪ್ಪೆಂದು ಒಂದು ಕೀಲಿ ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತಿದರು. ಹದಿನೆಂಟು ಜನರ ಹೆಸರಿನಲ್ಲಿ ಅವರು ತಪ್ಪು ಮಾಡಿದ್ದು ಅದೊಂದೇ.

ನನಗೂ ಕೇಳಬೇಕಿತ್ತು. ನೇರ ಕೇಳುವ ಧೈರ್ಯ ಇಲ್ಲದೆ ನನ್ನ ಕಸುಬಿನ ಹಿಂದೆ ಅಡಗಿಕೊಂಡೆ. ಅವರು ಪರದೆ ಓದುವಾಗೆಲ್ಲ ತಲೆ ವಾಲಿಸುವುದನ್ನು ಎರಡು ದಿನ ಕದ್ದು ಕದ್ದು ನೋಡಿದ್ದೆನಲ್ಲ, ಆಮೇಲೆ ಗೊತ್ತಾಗಿತ್ತು, ಅದು ಅಂದವೂ ಅಲ್ಲ, ಅಭ್ಯಾಸವೂ ಅಲ್ಲ.

"ಆ ಕನ್ನಡಕ ಕೊಡಿ ಇಲ್ಲಿ," ಅಂದೆ.

ಕೊಟ್ಟರು. ಬರಿಗಣ್ಣಲ್ಲಿ ಅವರ ಮುಖ ಹಳೆಯದೇ ಆಯಿತು. ನಾನು ಬೇಗ ತಲೆ ತಗ್ಗಿಸಿ ಪವರ್ ನೋಡುವ ಯಂತ್ರಕ್ಕೆ ಕನ್ನಡಕ ಇಟ್ಟೆ. ಎಡಗಣ್ಣಿನ ಗಾಜನ್ನು ಯಾರೋ ದುಂಡು ಫ್ರೇಮಿನಲ್ಲಿ ಹತ್ತು ಡಿಗ್ರಿ ತಿರುಗಿಸಿ ಕೂರಿಸಿದ್ದರು. ಅದು ಸಿಲಿಂಡರ್ ಪವರಿನ ಗಾಜು, ಒಂದೇ ದಿಕ್ಕಿಗೆ ಕೂರಬೇಕಾದದ್ದು, ಚೂರು ತಿರುಗಿದರೂ ಅಕ್ಷರಗಳೆಲ್ಲ ಓರೆಯಾಗುತ್ತವೆ. ಕಣ್ಣಿಗೆ ನೇರ ಬೇಕಾದರೆ ತಲೆ ವಾಲಿಸಲೇಬೇಕು.

"ಎಷ್ಟು ದಿನ ಆಯ್ತು ಇದನ್ನ ಹಾಕಿ?"

"ಮೂರು ವರ್ಷ."

"ಮೂರು ವರ್ಷ ತಲೆ ಓರೆ ಮಾಡ್ಕೊಂಡು ತಿರುಗ್ತಿದ್ದೀರಾ? ಮನೇಲಿ ಯಾರೂ ಹೇಳ್ಲಿಲ್ವಾ?"

"ಹೇಳೋರು ಯಾರೂ ಇಲ್ಲ," ಅಂದರು. ಆಮೇಲೆ, "ಅಮ್ಮ ಇದ್ದರು. ಅವರಿಗೂ ಕಣ್ಣು ಕಾಣ್ತಿರ್ಲಿಲ್ಲ," ಅಂದರು.

ಸ್ಕ್ರೂ ಬಿಚ್ಚಿ, ಗಾಜು ತಿರುಗಿಸಿ, ಮತ್ತೆ ಬಿಗಿ ಮಾಡಿದೆ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ತೆಗೆದುಕೊಂಡೆ. ಅವರು ಎದುರಿಗೆ ಕೂತೇ ಇದ್ದರು. ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದಾಗ ತಲೆ ನೆಟ್ಟಗಿತ್ತು.

"ಈಗ?"

"ಈಗ ನೀವು ನೇರ ಕಾಣ್ತಿದ್ದೀರಿ."

"ಮೊದಲು ಹೇಗೆ ಕಾಣ್ತಿದ್ದೆ?"

"ಮೊದಲು..." ಅಂದು ನಿಲ್ಲಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಎದ್ದು ಹೋದರು. ನಾನು ಉಳಿದ ಲಕೋಟೆಗಳ ಮೇಲೆ ಬಲದ ನಂಬರನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಬರೆದು, ಎಂಟು ಲಕೋಟೆ ಹರಿದೆ. ನಿಜ ಹೇಳಬೇಕೆಂದರೆ, ಆ ವಾಲಿದ ತಲೆ ಇನ್ನು ನೋಡಸಿಗುವುದಿಲ್ಲವಲ್ಲ ಅಂತ ಬೇಸರವೂ ಆಯಿತು.

ಶನಿವಾರ ನನ್ನ ಕಂಪ್ಯೂಟರನ್ನು ಡೊಮೈನಿಗೆ ಸೇರಿಸಿದರು. ಅದು ಮುಚ್ಚಿ ತೆರೆಯಿತು. ಹೊಸ ಹೆಸರು, ಹೊಸ ಪಾಸ್‌ವರ್ಡ್ ಹಾಕಿದೆ. ಪರದೆ ಬಂತು. ಬರೀ ನೀಲಿ. ನನ್ನ ಪಟ್ಟಿಗಳಿಲ್ಲ, ಫೋಲ್ಡರುಗಳಿಲ್ಲ, ಏನೂ ಇಲ್ಲ.

ಹೋಗಿ ಸ್ಟೋರಿನ ಬಾಗಿಲಲ್ಲಿ ನಿಂತೆ. "ಎಲ್ಲ ಹೋಯ್ತು."

"ಏನು ಹೋಯ್ತು?"

"ನನ್ನದೆಲ್ಲ."

ನನ್ನ ಮುಖ ನೋಡಿ ಅವರು ಕೈಯಲ್ಲಿದ್ದ ಟೀ ಲೋಟವನ್ನು ಹಾಗೇ ಕೆಳಗಿಟ್ಟು ಬಂದರು. ನನ್ನ ಕುರ್ಚಿಯಲ್ಲಿ ಕೂತು ಏನೇನೋ ತೆರೆದರು. "ಹೋಗಿಲ್ಲ, ಗಾಬರಿ ಆಗ್ಬೇಡಿ. ಇದು ನಿಮ್ಮನ್ನ ಹೊಸಬರು ಅಂತ ತಿಳ್ಕೊಂಡು ಹೊಸ ಕೋಣೆ ಕೊಟ್ಟಿದೆ. ಹಳೇ ನಿಮ್ಮ ಕೋಣೆ ಪಕ್ಕದಲ್ಲೇ ಇದೆ, ಬೀಗ ಹಾಕಿದೆ ಅಷ್ಟೆ. ನೋಡಿ, ಸಾಮಾನೆಲ್ಲ ಹಾಗೇ ಇದೆ. ಈ ಕಡೆ ಹಾಕಿಕೊಡ್ತೀನಿ."

ಪಟ್ಟಿ ಉದ್ದಕ್ಕೆ ಇಳಿಯಿತು. ಫೈಲುಗಳ ಹೆಸರು, ಪಕ್ಕದಲ್ಲಿ ಬರೆದ ದಿನ, ಬರೆದ ಹೊತ್ತು. ನಡುವೆ ಅದು ಬಂತು. ಹೆಸರು, "ಕಾಗದ".

"ಅದನ್ನ ತೆಗೀಬೇಡಿ," ಅಂದೆ. ದನಿ ನಾನೇ ಬೆಚ್ಚುವಷ್ಟು ಜೋರಾಯಿತು.

"ಯಾರದ್ದನ್ನೂ ತೆಗೆಯಲ್ಲ." ಹಾಗೆ ಅಂದವರು ಮೌಸ್ ಮೇಲೆ ಕೈಯಿಟ್ಟುಕೊಂಡು ಅಲುಗದೆ ಕೂತುಬಿಟ್ಟರು. ಅವರು ನೋಡುತ್ತಿದ್ದುದು ಹೆಸರನ್ನಲ್ಲ, ಪಕ್ಕದ ತಾರೀಕನ್ನು. ಓದಿದರು, ತಮಗೇ ಹೇಳಿಕೊಳ್ಳುವ ಹಾಗೆ. "ಶನಿವಾರ. ಸಂಜೆ ಆರು ನಲವತ್ತು."

ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತು ಸಂಜೆ ನೀವು ಇಲ್ಲೇ ಇದ್ರಾ? ಇದೇ ಮೇಜಿನ ಮುಂದೆ?"

ಬಿಟ್ಟುಹೋದವರು ಬಿಡಿಸಿ ಕೇಳುವ ಚಂದ ನೋಡು ಅಂತ ನನಗೆ ಉರಿಯಿತು. "ಇದ್ದೆ," ಅಂದೆ. "ಇನ್ನೆಲ್ಲಿ ಇರಬೇಕಿತ್ತು?"

"ಎಲ್ಲೂ ಇಲ್ಲ." ಎದ್ದರು. "ಎಲ್ಲ ಬಂದಿದೆ. ಒಂದ್ಸಲ ನೋಡ್ಕೊಳ್ಳಿ, ಮೇಡಂ."

ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು.

ಭಾನುವಾರ ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಒಂದೇ ಟವೆಲನ್ನು ನಾಲ್ಕು ಸಲ ಮಡಚಿದ್ದೆನಂತೆ.

"ಬಂದಿದ್ದಾನಂತೆ," ಅಂದಳು.

"ಯಾರು?"

"ನಿನ್ನ ಎರಡು ನಿಮಿಷದವನು. ನಾಟಕ ಆಡಬೇಡ, ನಿನ್ನ ಭಾವ ಬೀದೀಲಿ ನೋಡಿದ್ರಂತೆ. ತಲೆ ನರೆತಿದೆಯಂತೆ. ಮದುವೆ?"

"ಇಲ್ಲ."

"ಕೇಳಿ ತಿಳ್ಕೊಂಡಿದ್ದೀಯ ಹಾಗಾದ್ರೆ. ಯಾವಾಗ ಹೋಗೋದು?"

"ನಾಳೆ ಸಂಜೆ. ಮುಂದಿನ ವಾರದಿಂದ ಬೇರೆ ದೇಶದಲ್ಲಿ ಕೆಲಸವಂತೆ, ಎರಡು ವರ್ಷಕ್ಕೆ. ಸ್ಟೋರ್ ಮಾಮನ ಹತ್ರ ಹೇಳ್ತಿದ್ರು."

ಅಕ್ಕ ಟವೆಲ್ ಕಿತ್ತುಕೊಂಡಳು. "ಕೇಳೇ, ಯಾಕೆ ಕಾಯಲಿಲ್ಲ ಅಂತ ಹನ್ನೆರಡು ವರ್ಷದಿಂದ ನನ್ನ ತಲೆ ತಿಂದಿದ್ದೀಯ. ಅನ್ನ ಬಡಿಸುವಾಗ ಅದೇ, ಬಟ್ಟೆ ಒಗೆಯುವಾಗ ಅದೇ. ಆ ಪ್ರಶ್ನೆ ನನಗಲ್ಲ, ಅವನಿಗೆ ಕೇಳು. ನಾಳೆ ಒಂದು ದಿನ ಇದೆ. ಆಮೇಲೆ ನಾನು ಕೇಳಿಸಿಕೊಳ್ಳೋಳಲ್ಲ."

"ನಲವತ್ತೊಂದಾಯ್ತು ಅಕ್ಕ ನನಗೆ. ಜನ ನಗ್ತಾರೆ."

"ನಗ್ಲಿ ಬಿಡು. ನಿನ್ನ ಮೂತಿ ನೋಡಿ ನೋಡಿ ಈ ಮನೇಲಿ ನಗು ಮರ್ತುಹೋಗಿದೆ."

ಸೋಮವಾರ ಬೆಳಿಗ್ಗೆ ಒಬ್ಬರಿಗೂ ಕಂಪ್ಯೂಟರ್ ತೆರೆಯಲಿಲ್ಲ.

ಯಾರು ಪಾಸ್‌ವರ್ಡ್ ಹಾಕಿದರೂ ಆಗುವುದಿಲ್ಲ ಎಂದಿತು. ಪಾಲಿಶ್ ವಿಭಾಗದವರು ಬಂದು ನಿಂತರು, ಪ್ಯಾಕಿಂಗಿನವರು ಬಂದು ನಿಂತರು. ಯಜಮಾನಿ ತಮ್ಮ ಕೋಣೆಯಿಂದಲೇ, "ನಮ್ಮತ್ತೆ ಕೂಡ ಇಷ್ಟು ಮಾಡಿರಲಿಲ್ಲ," ಅಂದರು. ಅವರು ಹೆಗಲ ಚೀಲ ಕೆಳಗಿಟ್ಟು ಒಂದು ಪರದೆಯ ಮೇಲಿನ ಸಾಲು ಓದಿದರು. ಈ ಕಂಪ್ಯೂಟರಿಗೂ ಸರ್ವರಿಗೂ ಹೊತ್ತಿನಲ್ಲಿ ವ್ಯತ್ಯಾಸ ಇದೆ ಅಂತ ಇತ್ತು ಅದರಲ್ಲಿ.

"ಇದಕ್ಕೆ ಗಡಿಯಾರ ಮುಖ್ಯ ಮೇಡಂ," ಅಂದರು. "ಕೇಳೋರ ಗಡಿಯಾರಕ್ಕೂ ಹೇಳೋರ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಇದ್ರೆ ಇದು ಯಾರನ್ನೂ ನಂಬಲ್ಲ. ಪಾಸ್‌ವರ್ಡ್ ಸರಿ ಇದ್ರೂ ಬಾಗಿಲು ತೆಗೆಯಲ್ಲ." ಸ್ಟೋರಿಗೆ ಹೋಗಿ ಸರ್ವರ್ ನೋಡಿದರು. "ಹದಿನೈದು ನಿಮಿಷ ಮುಂದಿದೆ. ಶನಿವಾರ ಸರಿ ಇತ್ತು. ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ನಾನೇ ಮುಟ್ಟಿದ್ದು," ಅಂದರು ಸ್ಟೋರ್ ಮಾಮ, ಹೆಮ್ಮೆಯಿಂದ.

ಸ್ಟೋರ್ ಮಾಮ ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಎಪ್ಪತ್ತರ ಹತ್ತಿರ. ಕಾರ್ಖಾನೆಯ ಗಡಿಯಾರಗಳೆಲ್ಲ ಅವರ ಉಸ್ತುವಾರಿ. ಪ್ರತಿ ಸೋಮವಾರ ಸ್ಟೂಲು ಹಿಡಿದು ಗೋಡೆಗೋಡೆಗೂ ಹೋಗಿ ಮುಳ್ಳು ತಿರುಗಿಸುತ್ತಾರೆ.

"ಏನಾಯ್ತು ಗೊತ್ತಾ ಸಾರ್," ಅಂದರು. "ಬೆಳಿಗ್ಗೆ ನೋಡ್ತೀನಿ, ಕಂಪ್ಯೂಟರೆಲ್ಲ ಹಿಂದೆ ಬಿದ್ದಿವೆ. ಒಂದೊಂದನ್ನೇ ಎಲ್ಲಿ ಸರಿ ಮಾಡೋದು? ಎಲ್ಲಕ್ಕೂ ಹಿರಿಯಣ್ಣ ಇದೇ ಅಂದಿದ್ರಲ್ಲ ನೀವು. ಹಿರಿಯಣ್ಣನ್ನ ಮುಂದಿಟ್ರೆ ತಮ್ಮಂದಿರು ತಾವೇ ಬರ್ತಾರೆ ಅಂತ ಇದನ್ನೇ ತಿರುಗಿಸ್ದೆ."

"ಹಿಂದೆ ಬಿದ್ದಿರ್ಲಿಲ್ಲ ಮಾಮ. ಸರ್ವರಿಗೆ ಸೇರಿಸಿದ ಮೇಲೆ ಅದರ ಹೊತ್ತು ಹಿಡಿದಿವೆ, ಅದೇ ಸರಿಯಾದ ಟೈಮ್."

"ಊರಿಗೆ ಸರಿ. ನಮಗಲ್ಲ. ನಮ್ಮಲ್ಲಿ ಯಾವತ್ತೂ ಹದಿನೈದು ನಿಮಿಷ ಮುಂದೆ. ದೊಡ್ಡ ಯಜಮಾನರ ಅಪ್ಪಣೆ. ಜನ ತಡವಾಗಿ ಬರ್ತಾರೆ ಅಂತ, ಯಾರಿಗೂ ಹೇಳದೆ ಶುರು ಮಾಡಿದ್ದು. ಈಗ ಮೊಬೈಲ್ ಬಂದ ಮೇಲೆ ಎಲ್ಲರಿಗೂ ಗೊತ್ತು, ನಗ್ತಾರೆ, ಆದ್ರೂ ನಾನು ಬಿಟ್ಟಿಲ್ಲ."

"ಎಷ್ಟು ವರ್ಷದಿಂದ?"

"ಇಪ್ಪತ್ತೆಂಟು."

ಮೌಸ್ ಮೇಲಿದ್ದ ಕೈ ನಿಂತಿತು. "ಕಂಪ್ಯೂಟರ್ ಗಡಿಯಾರನೂ? ನಾನು ಮೊದಲ ಐದು ಹಾಕಿದಾಗಲೂ?"

"ಹಾಕಿದ ಮೊದಲ ವಾರದಲ್ಲೇ ತಿರುಗಿಸಿಟ್ಟಿದ್ದೆ. ನೀವು ಗಮನಿಸ್ಲಿಲ್ಲ," ಅಂದು ಮಾಮ ನಕ್ಕರು.

ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅವರು ತಿರುಗಿ ನೋಡಿದರು. ನಮ್ಮ ಗಡಿಯಾರ ಮುಂದಿದೆ ಅನ್ನುವುದು ನನಗೆ ಹತ್ತು ವರ್ಷದಿಂದ ಗೊತ್ತು. ಮೇಜಿನ ಒಂದು ಕಾಲು ಗಿಡ್ಡ ಅಂತ ಗೊತ್ತಿದ್ದ ಹಾಗೆ, ಗೊತ್ತಿತ್ತು ಅಷ್ಟೆ. ಆ ಶನಿವಾರದ ಹತ್ತಿರ ಅದನ್ನು ಒಯ್ದು ಇಟ್ಟು ನೋಡಿರಲಿಲ್ಲ. ನೋವಿರುವ ಹಲ್ಲಿನ ಕಡೆ ನಾಲಿಗೆ ಹೋಗದಂತೆ ನೋಡಿಕೊಳ್ಳುತ್ತೇವಲ್ಲ, ಹಾಗೆ ಆ ದಿನವನ್ನು ತಪ್ಪಿಸಿಕೊಂಡೇ ಬದುಕಿದ್ದೆ.

ಅವರು ಸರ್ವರಿನ ಹೊತ್ತನ್ನು ಸರಿ ಮಾಡಿದರು. ಕಂಪ್ಯೂಟರುಗಳು ಒಂದೊಂದಾಗಿ ತೆರೆದುಕೊಂಡವು. ಜನ ತಮ್ಮ ತಮ್ಮ ಮೇಜಿಗೆ ಹೋದರು. ಅವರು ನೇರ ನನ್ನ ಮೇಜಿಗೆ ಬಂದು, ಎದುರಿನ ಸ್ಟೂಲಿನಲ್ಲಿ ಕೂತು, ಕನ್ನಡಕ ತೆಗೆದು ಮುಂದಿಟ್ಟರು, ಒರೆಸಿಕೊಡಿ ಅನ್ನುವ ಹಾಗೆ. ದೂರದಿಂದ ನೋಡುವವರಿಗೆ ಅಷ್ಟೇ ಕಾಣಲಿ ಅಂತ.

"ಆಗ ನೀವು ಒಂದು ಕೈಗಡಿಯಾರ ಕಟ್ತಿದ್ರಿ," ಅಂದರು.

"ಕಟ್ತಿದ್ದೆ."

"ಟೈಮ್ ಯಾವುದನ್ನ ನೋಡಿ ಇಟ್ಕೊಂಡಿದ್ರಿ?"

"ಗೋಡೆ ಗಡಿಯಾರ." ನಾನು ಬಟ್ಟೆ ತೆಗೆದುಕೊಂಡು ಅವರ ಕನ್ನಡಕ ಒರೆಸತೊಡಗಿದೆ. "ಆರು ಗಂಟೆ ಎರಡು ನಿಮಿಷಕ್ಕೆ ಬಂದೆ. ನಿಮ್ಮ ಬಸ್ಸು ಗೇಟು ದಾಟ್ತಿತ್ತು."

ಅವರು ಕಣ್ಣು ಮುಚ್ಚಿಕೊಂಡರು. "ಆಗ ನಿಜವಾಗಿ ಐದು ನಲವತ್ತೇಳು. ಅದು ಐದೂ ಮುಕ್ಕಾಲಿನ ಬಸ್ಸು. ನಾನು ಅದರಲ್ಲಿ ಇರ್ಲಿಲ್ಲ. ನಾನು ಸ್ಟ್ಯಾಂಡಿಗೆ ಬಂದಿದ್ದೇ ಆರಕ್ಕೆ ಹತ್ತು ನಿಮಿಷ ಇದ್ದಾಗ."

"ಬಂದು?"

"ಆರರ ಬಸ್ಸು ಬಿಟ್ಟೆ. ಆರೂವರೆದು ಬಿಟ್ಟೆ. ಏಳರದ್ದೂ ಬಿಟ್ಟೆ. ಏಳೂವರೆದು ಕೊನೆ ಬಸ್ಸು, ಅದಕ್ಕೆ ಹತ್ತಿದೆ. ಕಂಡಕ್ಟರ್ ಕೇಳಿದ, ಇನ್ನೊಬ್ರು ಬರಬೇಕಾ ಸಾರ್ ಅಂತ."

ನಾನು ಒರೆಸುತ್ತಲೇ ಇದ್ದೆ. ಆ ಗಾಜಿನಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

"ಮೊನ್ನೆ ಆರು ನಲವತ್ತು ಅಂತ ನೋಡಿದೆನಲ್ಲ," ಅಂದರು. "ನಾನು ಅಲ್ಲಿ ನಿಂತಿದ್ದಾಗ ಇವರು ಹಾಯಾಗಿ ಇಲ್ಲಿ ಕೂತು ಟೈಪ್ ಮಾಡ್ತಿದ್ರು ಅನ್ಕೊಂಡೆ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ."

"ನಾನು ಹನ್ನೆರಡು ವರ್ಷ ನಿಮ್ಮನ್ನ ಎರಡು ನಿಮಿಷದವನು ಅಂತ ಬೈದಿದ್ದೀನಿ."

"ಜೋರಾಗಿ?"

"ಅಕ್ಕನ ಹತ್ರ. ಬಟ್ಟೆ ಒಗೆಯುವಾಗ."

ಅವರು ನಕ್ಕರು. ನಗುತ್ತಲೇ ಕಣ್ಣು ತುಂಬಿದವು, ಕನ್ನಡಕ ನನ್ನ ಕೈಯಲ್ಲಿದ್ದರಿಂದ ಬಚ್ಚಿಡಲು ಆಗಲಿಲ್ಲ. ಪ್ಯಾಕಿಂಗಿನವಳು ಯಾವುದೋ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, ಇಬ್ಬರನ್ನೂ ನೋಡಿ, ಏನೂ ಕೇಳದೆ ಹೋದಳು.

"ನಾನು ನಾಲ್ಕು ಗಂಟೆಗೆ ಹೊರಡಬೇಕು," ಅಂದರು. "ಆ ಎರಡು ವರ್ಷದ ಕೆಲಸಕ್ಕೆ ನಾಳೆ ಬೆಳಿಗ್ಗೆ ಸಹಿ. ಹಾಕಬಹುದು, ಹಾಕದೆಯೂ ಇರಬಹುದು." ನನ್ನ ಮೇಜಿನಿಂದ ಒಂದು ಖಾಲಿ ಲಕೋಟೆ ಎಳೆದುಕೊಂಡು, ಬಲಗಣ್ಣು ಎಡಗಣ್ಣು ಅಂತ ಅಚ್ಚಾದ ಜಾಗದಲ್ಲಿ ತಮ್ಮ ಮೇಲ್ ವಿಳಾಸ ಬರೆದರು. "ಎದುರಿಗೆ ಕೂರಿಸಿಕೊಂಡು ಉತ್ತರ ಕೇಳಲ್ಲ. ಅವತ್ತು ಹೊತ್ತು ಗೊತ್ತು ಮಾಡಿ ಕೇಳಿದ್ದೇ ತಪ್ಪಾಯ್ತು. ಆ ಕಾಗದ ಯಾರಿಗೆ ಬರೆದಿದ್ದೋ ನನಗೆ ಗೊತ್ತಿಲ್ಲ. ನನಗಾಗಿದ್ರೆ ಕಳಿಸಿ. ಇವತ್ತೇ ಅಂತಲ್ಲ."

ಕನ್ನಡಕ ತೆಗೆದುಕೊಳ್ಳುವಾಗ ಅವರ ಬೆರಳು ನನ್ನ ಬೆರಳನ್ನು ತಾಕಿ, ಅಲ್ಲೇ ಒಂದು ಗಳಿಗೆ ಇದ್ದು, ಹೋಯಿತು.

ಮಧ್ಯಾಹ್ನ ಪೂರ್ತಿ ಗಾಜು ನೋಡಿದೆ. ಮೂರು ಗಂಟೆಯವರೆಗೆ ನೂರಾ ಹತ್ತು ಜೊತೆ. ಒಂದು ಗೀರೂ ನನ್ನ ಕಣ್ಣು ತಪ್ಪಿಸಲಿಲ್ಲ, ಆದರೆ ಆ ಫೋಲ್ಡರ್ ತೆರೆಯಲು ಕೈ ಬರಲಿಲ್ಲ. ಹೆದರಿಕೆ ಜನರದಲ್ಲ. ಕಾಗದ ಬರೆದವಳು ಇಪ್ಪತ್ತೊಂಬತ್ತರ ಹೆಣ್ಣು. ಅವಳ ಒಪ್ಪಿಗೆಯನ್ನು ಈ ನಲವತ್ತೊಂದರವಳು ಕೊಟ್ಟರೆ ಅದು ಸಲ್ಲುತ್ತದೆಯೇ? ನನಗೀಗ ಮೊಣಕಾಲು ನೋವಿದೆ. ಒಬ್ಬಳೇ ಮಲಗಿ ಅಭ್ಯಾಸವಾಗಿದೆ. ಟೀಗೆ ಸಕ್ಕರೆ ಬಿಟ್ಟಿದ್ದೇನೆ. ಅವರು ಸ್ಟ್ಯಾಂಡಿನಲ್ಲಿ ಕಾದದ್ದು ನನಗಾಗಿ ಅಲ್ಲ, ಅವಳಿಗಾಗಿ.

ಮೂರೂಕಾಲಿಗೆ ತೆರೆದೆ.

ಕಾಗದದ ತುಂಬ ತಪ್ಪುಗಳು. ಒತ್ತಕ್ಷರ ಎಲ್ಲ ಮಾಯ. ಕೋಳಿ ಹೆಕ್ಕಿದ ಹಾಗೇ ಇತ್ತು. ತಿದ್ದಿಕೊಂಡು ಓದಿದೆ. "ನೀವು ಎರಡು ನಿಮಿಷ ಕಾಯಲಿಲ್ಲ.  ನನಗೆ ನಿಮ್ಮ ಮೇಲೆ ಇನ್ನು ಗೌರವ ಇಲ್ಲ. ಕಂಪ್ಯೂಟರ್ ಕಲಿಸಿದ್ದಕ್ಕೆ ವಂದನೆ. ನಾನು ಬಂದದ್ದು ನಿಮ್ಮನ್ನು ಕಳಿಸಿಕೊಡುವುದಕ್ಕಲ್ಲ. ಹೂಂ ಅನ್ನುವುದಕ್ಕೆ ಬಂದಿದ್ದೆ. ದಾರಿಯುದ್ದಕ್ಕೂ ಹೂಂ ಹೂಂ ಅಂತ ಅಭ್ಯಾಸ ಮಾಡಿಕೊಂಡು ಬಂದೆ." ಅಲ್ಲಿಗೆ ನಿಂತಿತ್ತು.

ಎಲ್ಲ ಅಳಿಸಿ ಚೆಂದ ಮಾಡಿ ಬರೆಯೋಣ ಅಂದುಕೊಂಡೆ. ಎರಡು ಸಾಲು ಬರೆದೆ, ಸರ್ಕಾರಿ ಅರ್ಜಿಯ ಹಾಗೆ ಬಂತು, ಅಳಿಸಿದೆ. ಗೋಡೆಯಾಚೆ ಸ್ಟೋರಿನಲ್ಲಿ ಅವರು ಸಾಮಾನು ಕಟ್ಟುವ ಸದ್ದು ಕೇಳುತ್ತಿತ್ತು. ಚೀಲದ ಜಿಪ್ಪು ಎಳೆದದ್ದು, ಮಾಮನ ಜೊತೆ ಏನೋ ಮಾತು. ಎದ್ದು ಹೋದರೆ ಹದಿನೈದು ಹೆಜ್ಜೆ. ಆದರೆ ಬಾಯಿ ತೆರೆದರೆ ನಾನು ಮತ್ತೆ ಕನ್ನಡಕದ ಮಾತೇ ಆಡುತ್ತೇನೆ, ನನಗೆ ನನ್ನ ಬಾಯಿ ಗೊತ್ತು.

ಹಳೆಯದನ್ನು ಒಂದಕ್ಷರ ಮುಟ್ಟದೆ, ಕೆಳಗೆ ಬರೆದೆ.

"ಮೇಲಿನ ಬೈಗುಳ ಸ್ಟೋರ್ ಮಾಮನಿಗೆ ಸೇರಬೇಕಾದದ್ದು, ನೀವು ಇಟ್ಟುಕೊಳ್ಳಬೇಡಿ. ಬರೆದವಳಿಗೆ ಈಗ ನಲವತ್ತೊಂದು. ಸಿಟ್ಟು ಜಾಸ್ತಿ, ನಿದ್ದೆ ಕಡಿಮೆ. ಅವಳು ಅಂದ ಹೂಂ ಹಳೆಯದಾಯಿತು, ಅದನ್ನು ನೆಚ್ಚಬೇಡಿ. ಇದು ನಾನು ಹೇಳುತ್ತಿರುವುದು, ಇವತ್ತು, ಎಚ್ಚರದಲ್ಲಿ. ಹೂಂ. ಕೆಲಸಕ್ಕೆ ಸಹಿ ಹಾಕುವುದು ಬಿಡುವುದು ನಿಮ್ಮಿಷ್ಟ. ಎರಡು ವರ್ಷ ಹೋಗಿ ಬರುತ್ತೇನೆ ಅಂದರೂ ನನ್ನ ಹೂಂ ಹಾಗೇ ಇರುತ್ತದೆ. ಆದರೆ ಹೋಗದಿದ್ದರೆ ನನಗೆ ಸಂತೋಷ. ಅಷ್ಟು ಮಾತ್ರ ಸ್ಪಷ್ಟ ಬರೆಯುತ್ತಿದ್ದೇನೆ, ಯಾಕೆಂದರೆ ಸ್ಪಷ್ಟ ಹೇಳದೆ ನಾವಿಬ್ಬರೂ ಬಹಳ ಕಳೆದುಕೊಂಡಿದ್ದೇವೆ."

ಲಕೋಟೆಯ ಮೇಲಿನ ವಿಳಾಸ ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಗಾಜಿನ ನಂಬರ್ ನೋಡುವ ಹಾಗೆ ಮೂರು ಸಲ ಸರಿ ನೋಡಿದೆ. ಆಮೇಲೆ, ಇನ್ನು ನೋಡಲು ಏನೂ ಉಳಿಯದೆ, ಕಳಿಸಿಬಿಟ್ಟೆ.

ಗೋಡೆಯಾಚೆ ಒಂದು ಮೊಬೈಲ್ ಟಿಣ್ ಅಂದಿತು. ಮಾತು ನಿಂತಿತು. ನಾನು ಎರಡೂ ಅಂಗೈಗಳನ್ನು ಮೇಜಿಗೆ ಒತ್ತಿ ಕೂತಿದ್ದೆ.

ಆಮೇಲೆ ಸ್ಟೋರ್ ಮಾಮನ ದನಿ ಬಂತು. "ಯಾಕ್ ಸಾರ್, ಹೊರಡೋ ಹೊತ್ತಲ್ಲಿ ನೆಲದ ಮೇಲೆ ಕೂತುಬಿಟ್ರಿ?"